ಟ್ರೇಲ್ ಕ್ಯಾಮೆರಾದಲ್ಲಿ ಕಾಡುಪ್ರಾಣಿ ವೀಕ್ಷಣೆ: ಕಾಯ್ದಿಟ್ಟ ನೆಲಕ್ಕೊಂದು ಸಮಗ್ರ ಮಾರ್ಗದರ್ಶಿ

ಒಂದು ತುಂಡು ನೆಲವನ್ನು ಕಾಡಿಗೆಂದು ಕಾಯ್ದಿಟ್ಟ ಮೇಲೆ ಅಲ್ಲಿ ಏನಾಗುತ್ತಿದೆ ಅನ್ನುವುದು ನಿಧಾನವಾಗಿ ತಿಳಿಯುತ್ತದೆ. ಗಿಡಮರ ಬೆಳೆದದ್ದು ಕಣ್ಣಿಗೆ ಕಾಣುತ್ತದೆ. ಹಕ್ಕಿಗಳು ಕೂಗಿ ತಾವಿರುವುದನ್ನು ಹೇಳುತ್ತವೆ. ಆದರೆ ಸಸ್ತನಿಗಳಲ್ಲಿ ಹೆಚ್ಚಿನವು ಕತ್ತಲಾದ ಮೇಲೆ ಓಡಾಡುವಂಥವು. ನಮ್ಮ ಸದ್ದು, ನಮ್ಮ ವಾಸನೆ ದೂರದಿಂದಲೇ ಅವಕ್ಕೆ ಗೊತ್ತಾಗಿಬಿಡುತ್ತದೆ. ನಾವು ಹೋಗುವ ಹೊತ್ತಿಗೆ ಅವು ಸರಿದಿರುತ್ತವೆ. ಹಾಗಾಗಿ ಎಷ್ಟೋ ವರ್ಷ ಒಂದು ಜಾಗವನ್ನು ನೋಡಿಕೊಂಡವರಿಗೂ ಅಲ್ಲಿ ರಾತ್ರಿ ಯಾರು ನಡೆಯುತ್ತಾರೆ ಅನ್ನುವುದು ಗೊತ್ತಿರುವುದಿಲ್ಲ.

ಟ್ರೇಲ್ ಕ್ಯಾಮೆರಾ ಈ ಕೊರತೆಯನ್ನು ತುಂಬುತ್ತದೆ. ಸಂಶೋಧಕರು ಇದನ್ನೇ ಕ್ಯಾಮೆರಾ ಟ್ರ್ಯಾಪ್ ಅನ್ನುತ್ತಾರೆ. ಮರಕ್ಕೆ ಕಟ್ಟಿ ಬಂದರೆ ಸಾಕು, ಮುಂದೆ ಏನಾದರೂ ಬಂದಾಗ ತಾನೇ ಚಿತ್ರ ತೆಗೆಯುತ್ತದೆ. ಕೇಳಲು ಸುಲಭ. ಆದರೆ ಸುಮ್ನೆ ಕಟ್ಟಿ ಬಂದ ಕ್ಯಾಮೆರಾದಿಂದ ಸಿಗುವುದು ಸಾವಿರಾರು ಅಲುಗಾಡುವ ಎಲೆಗಳ ಚಿತ್ರ. ಯೋಚಿಸಿ ಕಟ್ಟಿದ ಕ್ಯಾಮೆರಾ ಆ ನೆಲದ ಬದುಕನ್ನೇ ಬಿಚ್ಚಿಡುತ್ತದೆ. ಈ ವ್ಯತ್ಯಾಸ ಹುಟ್ಟುವುದು ಕ್ಯಾಮೆರಾದ ಬೆಲೆಯಿಂದ ಅಲ್ಲ. ಎಲ್ಲಿ ಕಟ್ಟಿದಿರಿ, ಏನು ಬರೆದಿಟ್ಟಿರಿ ಅನ್ನುವುದರಿಂದ. ಅದಕ್ಕೇ ಈ ಬರಹದಲ್ಲಿ ಆ ಎರಡಕ್ಕೆ ಜಾಸ್ತಿ ಜಾಗ ಕೊಟ್ಟಿದ್ದೇನೆ.

ಮೊದಲು ಪ್ರಶ್ನೆ, ಆಮೇಲೆ ಕ್ಯಾಮೆರಾ

ಹೊಸಬರು ಮೊದಲು ಕೇಳುವುದು "ಯಾವ ಕ್ಯಾಮೆರಾ ತಗೊಳ್ಳಲಿ?" ಅಂತ. ಅದಕ್ಕಿಂತ ಮೊದಲು ಒಂದು ಪ್ರಶ್ನೆಯನ್ನು ಕಾಗದದ ಮೇಲೆ ಬರೆದುಕೊಳ್ಳಿ. ನಿಮಗೆ ಏನು ತಿಳಿಯಬೇಕು?

ಈ ನೆಲದಲ್ಲಿ ಯಾವ ಯಾವ ಪ್ರಾಣಿಗಳಿವೆ ಅನ್ನುವುದು ಒಂದು ಪ್ರಶ್ನೆ. ಒಂದು ನಿರ್ದಿಷ್ಟ ಪ್ರಾಣಿ ಇದೆಯೋ ಇಲ್ಲವೋ ಅನ್ನುವುದು ಇನ್ನೊಂದು. ಕಳೆ ಗಿಡ ತೆಗೆದ ಮೇಲೆ ಜಿಂಕೆಗಳ ಓಡಾಟ ಹೆಚ್ಚಿತೇ, ಬೇಲಿಯ ಕಂಡಿಯಲ್ಲಿ ಯಾರು ದಾಟುತ್ತಾರೆ, ಜನರ ಓಡಾಟವಿರುವ ದಾರಿಯಲ್ಲಿ ಪ್ರಾಣಿಗಳು ಎಷ್ಟು ಹೊತ್ತಿಗೆ ಬರುತ್ತವೆ: ಇವು ಬೇರೆಯದೇ ಪ್ರಶ್ನೆಗಳು. ಒಂದೊಂದಕ್ಕೂ ಕ್ಯಾಮೆರಾ ಇಡುವ ರೀತಿ ಬೇರೆ.

ಇದೆಯೋ ಇಲ್ಲವೋ ಎಂದು ಹುಡುಕುವಾಗ, ಆ ಪ್ರಾಣಿ ಖಂಡಿತ ಬರುವಂಥ ಜಾಗವನ್ನೇ ಆರಿಸಿ ಕಟ್ಟಬೇಕು. ವಿಯೆಟ್ನಾಂನ ಒಂದು ಉದಾಹರಣೆ ನನಗೆ ತುಂಬಾ ಇಷ್ಟ. ಬೆನ್ನ ಮೇಲೆ ಬೆಳ್ಳಿ ಬಣ್ಣವಿರುವ, ಮೊಲದಷ್ಟು ದೊಡ್ಡದಾದ ಒಂದು ಮೌಸ್ ಡಿಯರ್ 1990ರ ನಂತರ ವಿಜ್ಞಾನಿಗಳ ಕಣ್ಣಿಗೆ ಬಿದ್ದಿರಲಿಲ್ಲ. ಸಂಶೋಧಕರು ಮೊದಲು ಹಳ್ಳಿಗರನ್ನು, ಅರಣ್ಯ ರಕ್ಷಕರನ್ನು ಮಾತಾಡಿಸಿದರು. ಅವರು ಹೇಳಿದ ಕಡೆ ಮೊದಲು ಕಟ್ಟಿದ್ದು ಬರೀ ಮೂರು ಕ್ಯಾಮೆರಾ. ಪ್ರಾಣಿ ಸಿಕ್ಕಿತು. 2019ರಲ್ಲಿ ಆ ಸುದ್ದಿ ಪ್ರಕಟವಾಯಿತು.

ಹೋಲಿಕೆ ಮಾಡಬೇಕಾದಾಗ ಹೀಗೆ ಆರಿಸಿ ಕಟ್ಟುವಂತಿಲ್ಲ. ನಿಮಗೆ ಇಷ್ಟವಾದ ಜಾಗಗಳಲ್ಲೇ ಕಟ್ಟಿದರೆ ಉತ್ತರವೂ ನಿಮ್ಮ ಇಷ್ಟದ ಕಡೆಗೇ ವಾಲುತ್ತದೆ. ಆಗ ನಕ್ಷೆಯ ಮೇಲೆ ಚೌಕಗಳನ್ನು ಎಳೆದು, ಪ್ರತಿ ಚೌಕಕ್ಕೆ ಒಂದರಂತೆ ಹಂಚಬೇಕು. ತಾಂಜಾನಿಯಾದ ಸೆರೆಂಗೆಟಿಯಲ್ಲಿ 2010ರಿಂದ ನಡೆದ ದೊಡ್ಡ ಅಧ್ಯಯನದಲ್ಲಿ 1,125 ಚದರ ಕಿಲೋಮೀಟರಿಗೆ 225 ಕ್ಯಾಮೆರಾ ಹಾಕಿದ್ದು ಹೀಗೆಯೇ, ಐದು ಚದರ ಕಿಲೋಮೀಟರಿಗೆ ಒಂದರಂತೆ. ಸಣ್ಣ ನೆಲಕ್ಕೂ ಇದೇ ಕ್ರಮ ನಡೆಯುತ್ತದೆ. ಚೌಕಗಳು ಚಿಕ್ಕದಾಗುತ್ತವೆ, ಅಷ್ಟೇ.

ಅನುಮತಿ, ಮತ್ತು ಆ ದಾರಿಯಲ್ಲಿ ನಡೆಯುವ ಜನ

ಕಾಯ್ದಿಟ್ಟ ನೆಲ ಅಂದರೆ ಅದಕ್ಕೊಬ್ಬರು ಹೊಣೆಗಾರರು ಇದ್ದೇ ಇರುತ್ತಾರೆ. ಅದು ಸರ್ಕಾರದ ಇಲಾಖೆ ಇರಬಹುದು, ಟ್ರಸ್ಟ್ ಇರಬಹುದು, ಒಂದು ಕುಟುಂಬವೂ ಇರಬಹುದು. ಅವರಿಂದ ಬರಹದಲ್ಲಿ ಒಪ್ಪಿಗೆ ಪಡೆಯಿರಿ. ಎಷ್ಟು ಕ್ಯಾಮೆರಾ, ಎಲ್ಲೆಲ್ಲಿ, ಎಷ್ಟು ದಿನ, ಚಿತ್ರಗಳು ಯಾರ ಬಳಿ ಇರುತ್ತವೆ ಅನ್ನುವುದು ಅದರಲ್ಲಿ ಇರಲಿ. ಸರ್ಕಾರ ಸಂರಕ್ಷಿಸಿದ ಕಾಡಿನಲ್ಲಿ ಅನುಮತಿ ಇಲ್ಲದೆ ಕ್ಯಾಮೆರಾ ಕಟ್ಟುವುದು ಬಹಳ ಕಡೆ ಕಾನೂನಿನ ಪ್ರಕಾರ ತಪ್ಪು.

ಇನ್ನೊಂದು ಮಾತು. ಕ್ಯಾಮೆರಾಗೆ ಮನುಷ್ಯರೂ ಬಿಸಿ ಮೈಯವರೇ. ಸೌದೆಗೆ ಬರುವವರು, ಮೇಯಿಸಲು ಬರುವವರು, ವಾಕಿಂಗ್ ಬರುವವರು, ಎಲ್ಲರೂ ಚಿತ್ರದಲ್ಲಿ ಬೀಳುತ್ತಾರೆ. ಅವರಿಗೆ ಗೊತ್ತಿಲ್ಲದೆ ಅವರ ಚಿತ್ರ ಇಟ್ಟುಕೊಳ್ಳುವುದು ಸರಿಯಲ್ಲ ಅಲ್ವಾ? ದಾರಿಯ ಶುರುವಿನಲ್ಲಿ ಒಂದು ಫಲಕ ಹಾಕಿ. ಕ್ಯಾಮೆರಾ ಪೆಟ್ಟಿಗೆಯ ಮೇಲೆ ಇದು ಯಾತಕ್ಕೆ ಇದೆ, ಯಾರನ್ನು ಕೇಳಬೇಕು ಅಂತ ಒಂದು ಚೀಟಿ ಅಂಟಿಸಿ. ಜನರ ಚಿತ್ರ ಬಂದರೆ ಅಳಿಸಿಬಿಡಿ, ಯಾರಿಗೂ ತೋರಿಸಬೇಡಿ. ಸುತ್ತಲಿನವರಿಗೆ ಈ ನಂಬಿಕೆ ಬಂದರೆ ಕ್ಯಾಮೆರಾ ಕಳುವಾಗುವುದೂ ಕಡಿಮೆಯಾಗುತ್ತದೆ. ಎಲ್ಲಿ ಹೆಜ್ಜೆ ಬಿದ್ದಿದೆ ಅನ್ನುವುದನ್ನೂ ಅವರೇ ಬಂದು ಹೇಳುತ್ತಾರೆ.

ಕ್ಯಾಮೆರಾ ನೋಡುವುದು ಏನನ್ನು?

1890ರ ದಶಕದಲ್ಲಿ ಅಮೆರಿಕದ ಜಾರ್ಜ್ ಶಿರಾಸ್ ಪ್ರಾಣಿ ನಡೆಯುವ ದಾರಿಗೆ ಅಡ್ಡಲಾಗಿ ತಂತಿ ಕಟ್ಟುತ್ತಿದ್ದರು. ಜಿಂಕೆ ಬಂದು ತಂತಿ ಎಳೆದರೆ ಫ್ಲ್ಯಾಶ್ ಸಿಡಿದು ಚಿತ್ರ ಬೀಳುತ್ತಿತ್ತು. 1906ರಲ್ಲಿ ನ್ಯಾಷನಲ್ ಜಿಯಾಗ್ರಫಿಕ್ ಪತ್ರಿಕೆ ಅವರ 74 ಚಿತ್ರಗಳನ್ನು ಒಂದೇ ಸಂಚಿಕೆಯಲ್ಲಿ ಹಾಕಿತು. ಇವತ್ತು ತಂತಿಯ ಕೆಲಸವನ್ನು ಪಿಐಆರ್ ಅನ್ನುವ ಸಂವೇದಕ ಮಾಡುತ್ತದೆ.

ಈ ಸೆನ್ಸರ್ ಪ್ರಾಣಿಯ ಆಕಾರವನ್ನು ನೋಡುವುದಿಲ್ಲ. ಶಾಖವನ್ನು ನೋಡುತ್ತದೆ. ತನ್ನ ಮುಂದಿನ ಜಾಗವನ್ನು ಹಲವು ಪಟ್ಟಿಗಳಾಗಿ ಹಂಚಿಕೊಂಡು, ಒಂದು ಪಟ್ಟಿಗೂ ಇನ್ನೊಂದಕ್ಕೂ ಶಾಖದಲ್ಲಿ ದಿಢೀರನೆ ವ್ಯತ್ಯಾಸ ಬಂದರೆ ಕ್ಯಾಮೆರಾವನ್ನು ಎಬ್ಬಿಸುತ್ತದೆ. ಇದೊಂದನ್ನು ಮನಸ್ಸಿನಲ್ಲಿ ಇಟ್ಟುಕೊಂಡರೆ ಉಳಿದ ಅರ್ಧ ವಿಷಯ ತಾನಾಗೇ ತಿಳಿಯುತ್ತದೆ.

ಅಡ್ಡ ಹಾಯುವ ಪ್ರಾಣಿ ಪಟ್ಟಿಯಿಂದ ಪಟ್ಟಿಗೆ ದಾಟುತ್ತದೆ, ಬೇಗ ಸಿಗುತ್ತದೆ. ನೇರ ಎದುರಿಗೆ ಬರುವ ಪ್ರಾಣಿ ಒಂದೇ ಪಟ್ಟಿಯಲ್ಲಿ ಇರುತ್ತದೆ, ತಡವಾಗಿ ಸಿಗುತ್ತದೆ. ಬಿಸಿಲಿನ ಮಧ್ಯಾಹ್ನ ನೆಲವೂ ಗಾಳಿಯೂ ಪ್ರಾಣಿಯ ಮೈಯಷ್ಟೇ ಬಿಸಿಯಾದಾಗ ವ್ಯತ್ಯಾಸವೇ ಕಾಣದೆ ಎಷ್ಟೋ ಪ್ರಾಣಿಗಳು ತಪ್ಪಿಹೋಗುತ್ತವೆ. ಬಿಸಿಲಿಗೆ ಕಾದ ಎಲೆ ಗಾಳಿಗೆ ಅಲ್ಲಾಡಿದರೆ ಪ್ರಾಣಿ ಇಲ್ಲದೆಯೂ ಚಿತ್ರ ಬೀಳುತ್ತದೆ. ಹಾವು, ಹಲ್ಲಿ, ಕಪ್ಪೆಗಳ ಮೈ ಸುತ್ತಲಿನಷ್ಟೇ ಬೆಚ್ಚಗಿರುವುದರಿಂದ ಅವು ಸಿಗುವುದು ಅಪರೂಪ. ಗಾಜಿನ ಹಿಂದೆ ಇಟ್ಟರೆ ಕ್ಯಾಮೆರಾ ಕುರುಡು, ಯಾಕೆಂದರೆ ಈ ಶಾಖದ ಕಿರಣ ಗಾಜನ್ನು ದಾಟುವುದಿಲ್ಲ. ಸಣ್ಣ ಇಲಿಯನ್ನು ಗುರುತಿಸುವ ದೂರ ಬಹಳ ಕಡಿಮೆ, ಕಾಡುಹಂದಿಯನ್ನು ಗುರುತಿಸುವ ದೂರ ಜಾಸ್ತಿ. ಪೆಟ್ಟಿಗೆಯ ಮೇಲೆ ಬರೆದ ದೂರ ದೊಡ್ಡ ಪ್ರಾಣಿಯ ಲೆಕ್ಕ ಅಂತಲೇ ತಿಳಿಯಿರಿ.

ಯಾವ ಕ್ಯಾಮೆರಾ?

ಮೆಗಾಪಿಕ್ಸೆಲ್ ಸಂಖ್ಯೆಗೆ ಮರುಳಾಗಬೇಡಿ. ಬಹಳಷ್ಟು ಕ್ಯಾಮೆರಾಗಳ ಒಳಗಿರುವ, ಚಿತ್ರ ಹಿಡಿಯುವ ಸೆನ್ಸರ್ ಸಣ್ಣದು. ದೊಡ್ಡ ಸಂಖ್ಯೆಯನ್ನು ಸಾಫ್ಟ್‌ವೇರ್ ಹಿಗ್ಗಿಸಿ ತೋರಿಸುತ್ತದೆ. ಫೈಲ್ ದೊಡ್ಡದಾಗುತ್ತದೆಯೇ ಹೊರತು ವಿವರ ಹೆಚ್ಚುವುದಿಲ್ಲ.

ನೋಡಬೇಕಾದದ್ದು ಟ್ರಿಗರ್ ವೇಗ, ಅಂದರೆ ಶಾಖದ ಸೆನ್ಸರ್ ಎಚ್ಚರಗೊಂಡು ಚಿತ್ರ ತೆಗೆಯಲು ಬೇಕಾಗುವ ಹೊತ್ತು. ಅರ್ಧ ಸೆಕೆಂಡಿಗಿಂತ ಕಡಿಮೆ ಇದ್ದರೆ ಒಳ್ಳೆಯದು. ಒಂದು ಸೆಕೆಂಡ್ ದಾಟಿದರೆ, ದಾರಿಯಲ್ಲಿ ಬಿರಬಿರನೆ ಹೋಗುವ ಪ್ರಾಣಿಯ ಬಾಲ ಮಾತ್ರ ಸಿಗುತ್ತದೆ. ಒಂದು ಚಿತ್ರವಾದ ಮೇಲೆ ಮುಂದಿನದಕ್ಕೆ ಸಿದ್ಧವಾಗಲು ಎಷ್ಟು ಹೊತ್ತು ಬೇಕು ಅನ್ನುವುದನ್ನೂ ಕೇಳಿ. ತಾಯಿಯ ಹಿಂದೆ ಮರಿ ಬರುತ್ತಿದ್ದರೆ ಅದು ಮುಖ್ಯ.

ರಾತ್ರಿಯ ಬೆಳಕಿನಲ್ಲಿ ಮೂರು ಬಗೆ. 850 ನ್ಯಾನೋಮೀಟರ್ ತರಂಗದ ಇನ್‌ಫ್ರಾರೆಡ್ (ಕೆಂಪಿನಾಚೆಯ) ಬೆಳಕು ದೂರಕ್ಕೆ ತಲುಪುತ್ತದೆ, ಚಿತ್ರ ಸ್ವಚ್ಛ, ಆದರೆ ಎದುರಿನಿಂದ ನೋಡಿದರೆ ಮಂದ ಕೆಂಪು ಕಾಣುತ್ತದೆ. 940 ನ್ಯಾನೋಮೀಟರ್ ನಮ್ಮ ಕಣ್ಣಿಗೆ ಕಾಣುವುದೇ ಇಲ್ಲ. ಅದರ ದೂರ ಕಡಿಮೆ, ಚಿತ್ರದಲ್ಲಿ ಕಾಳುಕಾಳು ಜಾಸ್ತಿ. ಬಿಳಿ ಫ್ಲ್ಯಾಶ್ ಬಣ್ಣದ ಚಿತ್ರ ಕೊಡುತ್ತದೆ, ಮೈಮೇಲಿನ ಗುರುತುಗಳು ಚೂಪಾಗಿ ಬರುತ್ತವೆ. ಆದರೆ ಅದು ಪ್ರಾಣಿಯನ್ನು ಬೆಚ್ಚಿಬೀಳಿಸಬಹುದು. ಬರೀ ನೋಡುವ ಆಸೆಗೆ ಬಿಳಿ ಫ್ಲ್ಯಾಶ್ ಬೇಡ ಅನ್ನುವುದು ನನ್ನ ಖಚಿತ ಅಭಿಪ್ರಾಯ. ಇನ್‌ಫ್ರಾರೆಡ್ ಆದರೆ ಪ್ರಾಣಿಗೆ ಏನೂ ಗೊತ್ತಾಗುವುದಿಲ್ಲ ಅಂತಲೂ ಅಂದುಕೊಳ್ಳಬೇಡಿ. ಕ್ಯಾಮೆರಾದ ಸಣ್ಣ ಸದ್ದೂ ಬೆಳಕೂ ಹಲವು ಪ್ರಾಣಿಗಳಿಗೆ ತಿಳಿಯುತ್ತದೆ. ಅವು ನಿಂತು ನೇರ ಲೆನ್ಸ್ ಕಡೆ ನೋಡುವ ಚಿತ್ರಗಳೇ ಅದಕ್ಕೆ ಸಾಕ್ಷಿ.

ಮೊಬೈಲ್ ನೆಟ್‌ವರ್ಕ್ ಮೂಲಕ ಚಿತ್ರ ಕಳಿಸುವ ಕ್ಯಾಮೆರಾಗಳೂ ಇವೆ. ಪದೇ ಪದೇ ಹೋಗಿ ಆ ಜಾಗವನ್ನು ತುಳಿಯುವುದು ತಪ್ಪುತ್ತದೆ. ಸಿಗ್ನಲ್ ಇರಬೇಕು, ಬ್ಯಾಟರಿ ಹೆಚ್ಚು ಬೇಕು. ಹೋಲಿಕೆಯ ಅಧ್ಯಯನಕ್ಕಾದರೆ ಎಲ್ಲ ಕ್ಯಾಮೆರಾಗಳೂ ಒಂದೇ ಮಾದರಿಯವು ಇರಲಿ. ಬೇರೆ ಬೇರೆ ಮಾದರಿ ಬೆರೆಸಿದರೆ, ಕಂಡ ವ್ಯತ್ಯಾಸ ಪ್ರಾಣಿಯದೋ ಯಂತ್ರದ್ದೋ ಹೇಳಲಾಗುವುದಿಲ್ಲ.

ಬ್ಯಾಟರಿ ಮತ್ತು ಕಾರ್ಡ್

ಒಮ್ಮೆ ಬಳಸುವ ಲಿಥಿಯಂ ಎಎ ಬ್ಯಾಟರಿ ದುಬಾರಿ, ಆದರೆ ಕೊನೆಯವರೆಗೂ ಒಂದೇ ಬಲ ಕೊಡುತ್ತದೆ. ಕೊರೆಯುವ ಚಳಿಯಲ್ಲೂ ನಡೆಯುತ್ತದೆ. ಆಲ್ಕಲೈನ್ ಬ್ಯಾಟರಿಯ ಬಲ ನಿಧಾನಕ್ಕೆ ಇಳಿಯುತ್ತದೆ. ಹಗಲಿನ ಚಿತ್ರ ಚೆನ್ನಾಗಿ ಬರುತ್ತಿರುವಾಗಲೇ ರಾತ್ರಿಯ ಬೆಳಕು ಮಂಕಾಗಿರುತ್ತದೆ. ಹಗಲು ಚಿತ್ರ ನೋಡಿ ಎಲ್ಲ ಸರಿಯಿದೆ ಅಂದುಕೊಂಡು ಮೋಸಹೋಗುವುದು ಇಲ್ಲೇ. ರೀಚಾರ್ಜ್ ಮಾಡುವ ನಿಕಲ್ ಬ್ಯಾಟರಿಗಳು 1.5 ವೋಲ್ಟ್ ಬದಲು 1.2 ವೋಲ್ಟ್ ಕೊಡುತ್ತವೆ. ಕೆಲವು ಕ್ಯಾಮೆರಾಗಳಿಗೆ ಅದು ಸಾಲುವುದಿಲ್ಲ, ಕೈಪಿಡಿ ನೋಡಿ. ಹಳೆಯದು ಹೊಸದು, ಆ ಬಗೆ ಈ ಬಗೆ ಬೆರೆಸಲೇಬೇಡಿ.

ಎಸ್‌ಡಿ ಕಾರ್ಡ್ 32 ಜಿಬಿಯದು ಬಹುತೇಕ ಎಲ್ಲ ಕ್ಯಾಮೆರಾಗೂ ಹೊಂದುತ್ತದೆ. ಅದಕ್ಕಿಂತ ದೊಡ್ಡದನ್ನು ಹಳೆಯ ಕ್ಯಾಮೆರಾಗಳು ಓದದೇ ಇರಬಹುದು. ಪ್ರತಿ ಕ್ಯಾಮೆರಾಗೆ ಎರಡು ಕಾರ್ಡ್ ಇರಲಿ, ಎರಡಕ್ಕೂ ಕ್ಯಾಮೆರಾದ ನಂಬರ್ ಬರೆಯಿರಿ. ಕಾರ್ಡನ್ನು ಕಂಪ್ಯೂಟರಿನಲ್ಲಿ ಅಲ್ಲ, ಕ್ಯಾಮೆರಾದಲ್ಲೇ ಫಾರ್ಮ್ಯಾಟ್ ಮಾಡಿ.

ನೆಲ ಓದುವುದು

ಕ್ಯಾಮೆರಾ ಇಲ್ಲದೆ ಮೊದಲು ಬರಿಗೈಯಲ್ಲಿ ನಡೆದು ಬನ್ನಿ. ಬೆಳಗಿನ ಓರೆ ಬಿಸಿಲಿನಲ್ಲಿ ಹೆಜ್ಜೆ ಗುರುತು ಚೆನ್ನಾಗಿ ಕಾಣುತ್ತದೆ. ಮಳೆ ಬಂದು ನಿಂತ ಮರುದಿನ ಇನ್ನೂ ಒಳ್ಳೆಯದು.

ಪ್ರಾಣಿಗಳು ಸುಮ್ಮಸುಮ್ಮನೆ ಕಷ್ಟದ ದಾರಿ ಹಿಡಿಯುವುದಿಲ್ಲ. ನಮ್ಮ ಹಾಗೇ ಸುಲಭದ ದಾರಿಯಲ್ಲೇ ಹೋಗುತ್ತವೆ. ಗುಡ್ಡದ ಏಣು, ಎರಡು ಗುಡ್ಡಗಳ ನಡುವಿನ ತಗ್ಗು, ಹಳ್ಳದ ಅಂಚು, ದಟ್ಟ ಪೊದೆಯ ನಡುವೆ ಸವೆದ ಜಾಡು, ಬೇಲಿಯ ಕೆಳಗೆ ಮಣ್ಣು ಜಾರಿದ ಜಾಗ, ತೊರೆಗೆ ಅಡ್ಡ ಬಿದ್ದ ಮರದ ದಿಮ್ಮಿ: ಇಂಥ ಕಡೆ ಓಡಾಟ ಒಟ್ಟಾಗುತ್ತದೆ. ಎರಡು ಜಾಡುಗಳು ಕೂಡುವ ಕಡೆ ಇನ್ನೂ ಹೆಚ್ಚು. ಕಾಡು ಮುಗಿದು ಹುಲ್ಲುಗಾವಲು ಶುರುವಾಗುವ ಗೆರೆಯೂ ಹಾಗೆಯೇ.

ಹಿಕ್ಕೆ, ಲದ್ದಿ, ಮರದ ತೊಗಟೆಯ ಮೇಲಿನ ಉಗುರಿನ ಗೀರು, ಕೊಂಬು ಉಜ್ಜಿದ ಕಾಂಡ, ಕೆದರಿದ ಮಣ್ಣು, ಮುಳ್ಳುತಂತಿಗೆ ಸಿಕ್ಕ ಕೂದಲು, ಎಲ್ಲವನ್ನೂ ಗುರುತು ಹಾಕಿಕೊಳ್ಳಿ. ಬೆಕ್ಕಿನ ಜಾತಿಯ ಪ್ರಾಣಿಗಳು ಮತ್ತೆ ಮತ್ತೆ ಬಂದು ವಾಸನೆ ಗುರುತು ಮಾಡುವ ಮರ, ಬಂಡೆ ಇರುತ್ತವೆ. ಅಂಥದೊಂದು ಸಿಕ್ಕರೆ ಅದರಷ್ಟು ಒಳ್ಳೆಯ ಜಾಗ ಬೇರೆ ಇಲ್ಲ. ನೀರುನಾಯಿಯೂ ಹೊಳೆಯ ದಡದಲ್ಲಿ ಒಂದೇ ಕಲ್ಲಿನ ಮೇಲೆ ಪದೇ ಪದೇ ಹಿಕ್ಕೆ ಹಾಕುತ್ತದೆ.

ಒಣ ಕಾಲದಲ್ಲಿ ನೀರಿರುವ ಕಡೆ ಎಲ್ಲರೂ ಬರುತ್ತಾರೆ. ಆದರೆ ನೀರಿನ ಪಕ್ಕದ ಒಂದೇ ಕ್ಯಾಮೆರಾ ನೋಡಿ ಇಡೀ ನೆಲದ ಬಗ್ಗೆ ತೀರ್ಮಾನ ಮಾಡಬೇಡಿ. ಮಳೆ ಬಂದ ಮೇಲೆ ನೀರು ಎಲ್ಲ ಕಡೆ ಸಿಗುತ್ತದೆ, ಅಲ್ಲಿಗೆ ಬರುವವರು ಕಡಿಮೆಯಾಗುತ್ತಾರೆ. ಪ್ರಾಣಿ ಕಡಿಮೆಯಾಗಿದೆ ಅಂತ ಅದರ ಅರ್ಥ ಅಲ್ಲ.

ಎರಡು ಕಡೆ ಕಟ್ಟಲೇಬಾರದು. ಒಂದು, ಮರಿಗಳಿರುವ ಬಿಲ, ಗುಹೆ, ಗೂಡಿನ ಬಾಯಲ್ಲಿ. ತಾಯಿ ಹೆದರಿ ಮರಿಯನ್ನು ಬೇರೆಡೆಗೆ ಸಾಗಿಸಬಹುದು, ಬಿಟ್ಟೇ ಹೋಗಬಹುದು. ಇನ್ನೊಂದು, ನೀವೇ ತಿಂಡಿ ಇಟ್ಟ ಜಾಗದಲ್ಲಿ. ಆಹಾರ ಇಟ್ಟರೆ ಚಿತ್ರ ಬೇಗ ಸಿಗುತ್ತದೆ, ನಿಜ. ಆದರೆ ಬೇರೆ ಬೇರೆ ಪ್ರಾಣಿಗಳು ಒಂದೇ ಕಡೆ ಬಾಯಿ ಹಾಕಿ ರೋಗ ಹರಡುತ್ತದೆ, ಮನುಷ್ಯರ ವಾಸನೆಗೂ ಊಟಕ್ಕೂ ನಂಟು ಬೆಳೆಯುತ್ತದೆ. ಕಾಪಾಡಲೆಂದು ಇಟ್ಟುಕೊಂಡ ನೆಲದಲ್ಲಿ ಇದನ್ನು ಮಾಡಲೇಬಾರದು.

ಕಟ್ಟುವುದು

ಮರ ಗಟ್ಟಿಯಾಗಿರಲಿ. ಗಾಳಿಗೆ ತೂಗುವ ತೆಳು ಮರಕ್ಕೆ ಕಟ್ಟಿದರೆ ಇಡೀ ದೃಶ್ಯವೇ ಅಲ್ಲಾಡಿ ಕಾರ್ಡ್ ಒಂದೇ ದಿನಕ್ಕೆ ತುಂಬಬಹುದು. ಮರ ಇಲ್ಲದ ಕಡೆ ಗೂಟ ಹೂಳಿ. ಮೊಳೆ ಹೊಡೆಯಬೇಡಿ, ಬೆಲ್ಟ್ ಸಾಕು.

ಎತ್ತರ ಪ್ರಾಣಿಯ ಮೈಗೆ ಹೊಂದಬೇಕು. ನರಿ, ಮುಳ್ಳುಹಂದಿ, ಕಾಡುಬೆಕ್ಕಿನಿಂದ ಹಿಡಿದು ಜಿಂಕೆವರೆಗೆ ಎಲ್ಲ ಬರಲಿ ಅಂದರೆ ನೆಲದಿಂದ 30ರಿಂದ 50 ಸೆಂಟಿಮೀಟರ್, ಅಂದರೆ ಹೆಚ್ಚುಕಡಿಮೆ ಮೊಣಕಾಲಿನ ಎತ್ತರ. ತುಂಬಾ ಸಣ್ಣ ಪ್ರಾಣಿಗಳಿಗೆ ಇನ್ನೂ ಕೆಳಗೆ. ಎದೆಯ ಎತ್ತರಕ್ಕೆ ಕಟ್ಟುವ ಅಭ್ಯಾಸ ಬಹಳ ಜನರಿಗಿದೆ, ಕೈಗೆ ಅನುಕೂಲ ಅಂತ. ಆಗ ಸೆನ್ಸರಿನ ಕೆಳಗೇ ಸಣ್ಣ ಪ್ರಾಣಿಗಳು ದಾಟಿಹೋಗುತ್ತವೆ. ಕ್ಯಾಮೆರಾದ ಮುಖ ನೆಲಕ್ಕೆ ಸಮನಾಗಿರಲಿ. ಇಳಿಜಾರಿನಲ್ಲಿ ಕಟ್ಟುವಾಗ ಇಳಿಜಾರಿನಷ್ಟೇ ಬಾಗಿಸಿ. ಹಿಂದೆ ಒಂದು ಕಡ್ಡಿ ತೂರಿಸಿದರೆ ಕೋನ ಸರಿಹೋಗುತ್ತದೆ.

ಜಾಡಿನಿಂದ ಮೂರರಿಂದ ಐದು ಮೀಟರ್ ದೂರ ಒಳ್ಳೆಯದು. ತುಂಬಾ ಹತ್ತಿರವಾದರೆ ರಾತ್ರಿ ಚಿತ್ರ ಬೆಳ್ಳಗೆ ಸುಟ್ಟಂತಾಗುತ್ತದೆ, ದೊಡ್ಡ ಪ್ರಾಣಿಯ ಹೊಟ್ಟೆ ಮಾತ್ರ ಕಾಣುತ್ತದೆ. ಕೋನ? ಜಾಡಿಗೆ ನೇರ ಅಡ್ಡಲಾಗಿ ಇಟ್ಟರೆ ಸೆನ್ಸರಿಗೆ ಸುಲಭ, ಆದರೆ ಪ್ರಾಣಿ ಕ್ಷಣದಲ್ಲಿ ಚೌಕಟ್ಟು ದಾಟುತ್ತದೆ. ಜಾಡಿನ ಉದ್ದಕ್ಕೆ ಮುಖ ಮಾಡಿದರೆ ಸೆನ್ಸರ್ ತಡಮಾಡುತ್ತದೆ. ಸುಮಾರು 45 ಡಿಗ್ರಿ ಓರೆಯಾಗಿ ಇಟ್ಟರೆ ಎರಡೂ ಅನುಕೂಲ ಸಿಗುತ್ತದೆ.

ಸೂರ್ಯನ ಕಡೆ ಮುಖ ಮಾಡಿಸಬೇಡಿ. ಪೂರ್ವಕ್ಕೂ ಪಶ್ಚಿಮಕ್ಕೂ ಮುಖ ಮಾಡಿದರೆ ಬೆಳಗ್ಗೆ, ಸಂಜೆ ಬಿಸಿಲು ನೇರ ಲೆನ್ಸಿಗೆ ಬೀಳುತ್ತದೆ. ಪ್ರಾಣಿಗಳು ಜಾಸ್ತಿ ಓಡಾಡುವುದೂ ಅದೇ ಹೊತ್ತಿನಲ್ಲಿ. ಭೂಮಧ್ಯ ರೇಖೆಯ ಉತ್ತರದಲ್ಲಿ ಇರುವವರು ಉತ್ತರಕ್ಕೆ, ದಕ್ಷಿಣದಲ್ಲಿ ಇರುವವರು ದಕ್ಷಿಣಕ್ಕೆ ಮುಖ ಮಾಡಿಸುವುದು ಒಳ್ಳೆಯದು.

ಮುಂದಿನ ಹುಲ್ಲು, ತೂಗುವ ಕೊಂಬೆಗಳನ್ನು ಬೇಕಾದಷ್ಟೇ ಸವರಿ. ಒಂದೆರಡು ಕೊಂಬೆಯನ್ನು ಕಡಿಯುವ ಬದಲು ಬಾಗಿಸಿ ಕಟ್ಟಬಹುದು. ಹುಲ್ಲು ಬೆಳೆಯುವ ಕಾಲದಲ್ಲಿ ಎರಡು ವಾರಕ್ಕೇ ಲೆನ್ಸ್ ಮುಚ್ಚಿಬಿಡುತ್ತದೆ ಅನ್ನುವುದು ನೆನಪಿರಲಿ.

ಈಗ ಬಹಳ ಮುಖ್ಯವಾದ ಕೆಲಸ. ಕ್ಯಾಮೆರಾವನ್ನು ಪರೀಕ್ಷೆಯ ಸ್ಥಿತಿಗೆ ಹಾಕಿ, ಜಾಡಿನಲ್ಲಿ ಬಗ್ಗಿ, ಕೈಕಾಲು ಊರಿ ನಡೆಯಿರಿ. ದೀಪ ಮಿನುಗಿದರೆ ಸೆನ್ಸರ್ ನಿಮ್ಮನ್ನು ಕಂಡಿದೆ. ಜಾಡಿನ ಎರಡೂ ತುದಿಯಿಂದ ಬನ್ನಿ. ನೇರ ನಿಂತು ನಡೆದರೆ ನಿಮ್ಮ ಎತ್ತರವೇ ಸುಳ್ಳು ಹೇಳುತ್ತದೆ. ನಡೆದ ಮೇಲೆ ತೆಗೆದ ಚಿತ್ರವನ್ನೂ ನೋಡಿ, ಚೌಕಟ್ಟಿನಲ್ಲಿ ನೆಲ ಎಷ್ಟು, ಆಕಾಶ ಎಷ್ಟು ಅಂತ.

ಕಳ್ಳತನದ ಭಯ ಇರುವ ಕಡೆ ಲೋಹದ ಪೆಟ್ಟಿಗೆ, ಕೇಬಲ್ ಬೀಗ ಹಾಕಿ. ಆನೆ, ಕರಡಿ ಇರುವ ಕಾಡಿನಲ್ಲೂ ಪೆಟ್ಟಿಗೆ ಬೇಕು. ಅವಕ್ಕೆ ಹೊಸ ವಸ್ತುವನ್ನು ಕಿತ್ತು, ಕಚ್ಚಿ ನೋಡುವ ಕುತೂಹಲ. ಇರುವೆಗಳು ಒಳಗೆ ಸೇರಿ ಗೂಡು ಕಟ್ಟುವುದೂ ಉಂಟು. ಬಾಗಿಲಿನ ರಬ್ಬರ್ ಅಂಚು ಸ್ವಚ್ಛವಾಗಿ, ಬಿಗಿಯಾಗಿ ಕೂತಿದೆಯಾ ನೋಡಿ. ಒಳಗೆ ಸಿಲಿಕಾ ಜೆಲ್‌ನ ಪುಟ್ಟ ಪೊಟ್ಟಣ ಇಟ್ಟರೆ ತೇವ ಹಿಡಿಯುವುದಿಲ್ಲ.

ಸೆಟ್ಟಿಂಗ್

ಮೊದಲು ದಿನಾಂಕ ಮತ್ತು ಸಮಯ. ಇದು ತಪ್ಪಿದರೆ ಚಿತ್ರದ ಅರ್ಧ ಬೆಲೆ ಹೋಯಿತು. ಬ್ಯಾಟರಿ ತೆಗೆದು ಹಾಕಿದಾಗ ಕೆಲವು ಕ್ಯಾಮೆರಾಗಳ ಗಡಿಯಾರ ಮೊದಲ ದಿನಕ್ಕೆ ಹೋಗಿಬಿಡುತ್ತದೆ. ಇದಕ್ಕೆ ಒಳ್ಳೆಯ ಉಪಾಯವಿದೆ. ಪ್ರತಿ ಭೇಟಿಯ ಶುರುವಿನಲ್ಲೂ ಕೊನೆಯಲ್ಲೂ ಕ್ಯಾಮೆರಾ ನಂಬರ್, ಜಾಗ, ದಿನಾಂಕ, ಸಮಯ ಬರೆದ ಸ್ಲೇಟನ್ನು ಕ್ಯಾಮೆರಾ ಮುಂದೆ ಹಿಡಿದು ಒಂದು ಚಿತ್ರ ಬೀಳುವಂತೆ ಮಾಡಿ. ಗಡಿಯಾರ ಹಾಳಾಗಿದ್ದರೂ ಆ ಚಿತ್ರ ನೋಡಿ ಲೆಕ್ಕ ಸರಿಪಡಿಸಬಹುದು.

ದಾಖಲೆಗೆ ಫೋಟೋ ಒಳ್ಳೆಯದು, ಒಂದು ಸಲಕ್ಕೆ ಮೂರರಂತೆ. ನಡವಳಿಕೆ ನೋಡಬೇಕಾದರೆ 10ರಿಂದ 20 ಸೆಕೆಂಡಿನ ವಿಡಿಯೋ. ವಿಡಿಯೋ ಬ್ಯಾಟರಿಯನ್ನು ಬೇಗ ತಿನ್ನುತ್ತದೆ, ನೋಡಲೂ ಹೊತ್ತು ಹಿಡಿಯುತ್ತದೆ. ಒಂದು ಸಲಕ್ಕೂ ಇನ್ನೊಂದಕ್ಕೂ ನಡುವಿನ ಬಿಡುವನ್ನು ಆದಷ್ಟು ಕಡಿಮೆ ಇಡಿ, ಗುಂಪಿನ ಹಿಂದೆ ಉಳಿದವು ತಪ್ಪಬಾರದು. ಸೆನ್ಸರಿನ ಸೂಕ್ಷ್ಮತೆ ಬಿಸಿಲಿನ ಕಾಲಕ್ಕೆ ಹೆಚ್ಚು, ಚಳಿಗೆ ಮಧ್ಯಮ ಇದ್ದರೆ ಸಾಕು.

ಬಿಟ್ಟು ಬರುವುದು, ಮತ್ತೆ ಹೋಗುವುದು

ಮರುದಿನವೇ ಹೋಗಿ ನೋಡುವ ಆಸೆ ಎಲ್ಲರಿಗೂ ಆಗುತ್ತದೆ. ಹೋಗಬೇಡಿ. ಪ್ರತಿ ಭೇಟಿಯೂ ಅಲ್ಲಿ ನಿಮ್ಮ ವಾಸನೆ ಬಿಡುತ್ತದೆ. ಹೊಸ ಜಾಗದಲ್ಲಿ ಮೊದಲ ಸಲ ಒಂದು ವಾರದ ನಂತರ ಹೋಗಿ ಕೋನ, ಹುಲ್ಲು ಸರಿಪಡಿಸಿ. ಆಮೇಲೆ ಎರಡರಿಂದ ನಾಲ್ಕು ವಾರಕ್ಕೊಮ್ಮೆ ಸಾಕು. ನಡು ಹಗಲಿನಲ್ಲಿ ಹೋಗಿ, ಬೆಳಗ್ಗೆ ಸಂಜೆ ಬೇಡ. ಒಬ್ಬರೇ ಹೋಗಬೇಡಿ, ಎಲ್ಲಿಗೆ ಹೋಗುತ್ತಿದ್ದೀರಿ ಅಂತ ಯಾರಿಗಾದರೂ ಹೇಳಿ ಹೊರಡಿ.

ಒಂದೇ ಜಾಗದಲ್ಲಿ ಕಡಿಮೆ ಅಂದರೂ ಒಂದು ತಿಂಗಳು ಬಿಡಿ. ಅಪರೂಪದ ಪ್ರಾಣಿ ತನ್ನ ಸುತ್ತು ಮುಗಿಸಿ ಮತ್ತೆ ಆ ಕಡೆ ಬರಲು ಸಮಯ ಬೇಕು. ಎರಡು ವಾರ ಏನೂ ಸಿಗಲಿಲ್ಲ ಅಂತ ಕಿತ್ತು ಬೇರೆಡೆ ಕಟ್ಟುತ್ತಾ ಹೋದರೆ ಯಾವ ಜಾಗದ ಬಗ್ಗೆಯೂ ಗಟ್ಟಿಯಾಗಿ ಏನೂ ಹೇಳಲಾಗುವುದಿಲ್ಲ.

ಪ್ರತಿ ಭೇಟಿಯಲ್ಲಿ ನೋಟ್‌ಬುಕ್ಕಿನಲ್ಲಿ ಬರೆಯಬೇಕಾದದ್ದು: ದಿನಾಂಕ, ಕ್ಯಾಮೆರಾ ನಡೆಯುತ್ತಿತ್ತೋ ಇಲ್ಲವೋ, ಬ್ಯಾಟರಿ ಎಷ್ಟಿತ್ತು, ಕಾರ್ಡ್ ತುಂಬಿತ್ತೇ, ಕೋನ ತಿರುಗಿತ್ತೇ, ನೀವು ಏನು ಬದಲಿಸಿದಿರಿ. ಬೇಸರದ ಕೆಲಸ ಅನ್ನಿಸಬಹುದು. ಆದರೆ ಚಿತ್ರವಿಲ್ಲದ ಹತ್ತು ದಿನ ಪ್ರಾಣಿ ಬರಲಿಲ್ಲವೋ, ಕ್ಯಾಮೆರಾ ಸತ್ತಿತ್ತೋ ಅನ್ನುವುದನ್ನು ಹೇಳುವುದು ಈ ಸಾಲುಗಳೇ.

ಚಿತ್ರಗಳ ರಾಶಿ

ಮನೆಗೆ ಬಂದ ಕೂಡಲೇ ಕಾರ್ಡಿನಲ್ಲಿರುವುದನ್ನೆಲ್ಲ ಎರಡು ಕಡೆ ಉಳಿಸಿ. ಆಮೇಲಷ್ಟೇ ಕಾರ್ಡ್ ಖಾಲಿ ಮಾಡಿ. ಜಾಗದ ಹೆಸರಿನ ಫೋಲ್ಡರ್, ಅದರೊಳಗೆ ಭೇಟಿಯ ದಿನಾಂಕದ ಫೋಲ್ಡರ್, ಇಷ್ಟು ಶಿಸ್ತು ಸಾಕು. ಮೂಲ ಚಿತ್ರವನ್ನು ತಿದ್ದಬೇಡಿ.

ಭಾರತದ 2018ರ ಹುಲಿ ಗಣತಿಯಲ್ಲಿ 26,838 ಕಡೆ ಕ್ಯಾಮೆರಾ ಕಟ್ಟಿದ್ದರು. ಬಂದ ಚಿತ್ರ 3,48,58,623. ಅದರಲ್ಲಿ ಹುಲಿಯದು 76,651, ಚಿರತೆಯದು 51,777. ಅಂದರೆ ಎರಡೂ ಸೇರಿ ನೂರಕ್ಕೆ ಒಂದೂ ಇಲ್ಲ. ನಿಮ್ಮ ರಾಶಿಯಲ್ಲೂ ಬೇಕಾದ ಚಿತ್ರ ಕಡಿಮೆಯೇ ಇರುತ್ತದೆ, ಬೇಸರ ಬೇಡ.

ಈಗ ಈ ಶೋಧಿಸುವ ಕೆಲಸಕ್ಕೆ ಕಂಪ್ಯೂಟರ್ ನೆರವಿದೆ. ಮೆಗಾಡಿಟೆಕ್ಟರ್ ಅನ್ನುವ ಉಚಿತ ತಂತ್ರಾಂಶ ಪ್ರಾಣಿ, ಮನುಷ್ಯ, ವಾಹನ ಇರುವ ಚಿತ್ರಗಳನ್ನು ಖಾಲಿ ಚಿತ್ರಗಳಿಂದ ಬೇರೆ ಮಾಡುತ್ತದೆ. ವೈಲ್ಡ್‌ಲೈಫ್ ಇನ್‌ಸೈಟ್ಸ್ ಅನ್ನುವ ವೇದಿಕೆ ಯಾವ ಪ್ರಾಣಿ ಅಂತಲೂ ಊಹಿಸುತ್ತದೆ. ಖಾಲಿ ಚಿತ್ರ ತೆಗೆಯಲು ಇವನ್ನು ಧಾರಾಳವಾಗಿ ಬಳಸಿ. ಪ್ರಾಣಿಯ ಹೆಸರನ್ನು ಮಾತ್ರ ನೀವೇ ನೋಡಿ ಒಪ್ಪಿಕೊಳ್ಳಿ.

ರಾತ್ರಿಯ ಕಪ್ಪು ಬಿಳುಪಿನಲ್ಲಿ ಬಣ್ಣ ನಂಬುವಂತಿಲ್ಲ. ಬಾಲದ ಉದ್ದ, ಕಿವಿಯ ಆಕಾರ, ಕಾಲಿನ ಎತ್ತರ, ನಡೆಯುವ ಭಂಗಿ ನೋಡಿ. ಗಾತ್ರ ಗೊತ್ತಾಗದಿದ್ದರೆ ಅದೇ ಜಾಗದಲ್ಲಿ ಅಳತೆ ಕೋಲು ಹಿಡಿದು ತೆಗೆದ ಚಿತ್ರದ ಜೊತೆ ಹೋಲಿಸಿ. ಆಗಲೂ ತಿಳಿಯದಿದ್ದರೆ "ಗುರುತಾಗಿಲ್ಲ" ಅಂತ ಬರೆದು ಇಟ್ಟುಕೊಳ್ಳಿ, ಅಳಿಸಬೇಡಿ. ತಾಂಜಾನಿಯಾದ ಉಡ್ಜುಂಗ್ವಾ ಬೆಟ್ಟದಲ್ಲಿ 2005ರಲ್ಲಿ ಕ್ಯಾಮೆರಾಗೆ ಸಿಕ್ಕ, ಉದ್ದ ಮೂತಿಯ ಒಂದು ಪ್ರಾಣಿ ಆಗ ತಿಳಿದಿದ್ದ ಯಾವ ಜಾತಿಗೂ ಹೊಂದಲಿಲ್ಲ. ಅದು ಎಲಿಫೆಂಟ್ ಶ್ರೂ ಗುಂಪಿನ ಹೊಸ ಜಾತಿ ಅಂತ 2008ರಲ್ಲಿ ಜಗತ್ತಿಗೆ ತಿಳಿಯಿತು.

ಲೆಕ್ಕ ಹೇಗೆ?

ಹತ್ತು ಚಿತ್ರ ಅಂದರೆ ಹತ್ತು ಪ್ರಾಣಿ ಅಲ್ಲ. ಒಂದೇ ಜಿಂಕೆ ಅರ್ಧ ಗಂಟೆ ಅಲ್ಲೇ ಮೇಯುತ್ತಾ ನಿಂತರೆ ನೂರು ಚಿತ್ರ ಬೀಳುತ್ತದೆ. ಹಾಗಾಗಿ ಒಂದೇ ಜಾಗದಲ್ಲಿ ಒಂದೇ ಜಾತಿಯ ಚಿತ್ರಗಳು 30 ನಿಮಿಷದೊಳಗೆ ಬಂದರೆ ಅದನ್ನು ಒಂದೇ ಭೇಟಿ ಅಂತ ಎಣಿಸುವುದು ರೂಢಿ. ಕೆಲವರು ಒಂದು ಗಂಟೆ ಇಟ್ಟುಕೊಳ್ಳುತ್ತಾರೆ. ಯಾವುದಾದರೂ ಸರಿ, ಕೊನೆಯವರೆಗೂ ಅದನ್ನೇ ಪಾಲಿಸಿ.

ಆಮೇಲೆ ಕ್ಯಾಮೆರಾ ರಾತ್ರಿಗಳನ್ನು ಎಣಿಸಿ. ಆರು ಕ್ಯಾಮೆರಾ 30 ರಾತ್ರಿ ನಡೆದರೆ 180. ಅದರಲ್ಲಿ ಒಂದು 12 ರಾತ್ರಿಗೇ ನಿಂತಿದ್ದರೆ 162. ಆ ಅವಧಿಯಲ್ಲಿ ಮುಳ್ಳುಹಂದಿಯ ಒಂಬತ್ತು ಭೇಟಿ ಸಿಕ್ಕಿದ್ದರೆ, ನೂರು ರಾತ್ರಿಗೆ ಸುಮಾರು 5.6 ಭೇಟಿ. ಮುಂದಿನ ವರ್ಷ ಅದೇ ಕಾಲದಲ್ಲಿ, ಅದೇ ಜಾಗಗಳಲ್ಲಿ, ಅದೇ ಮಾದರಿಯ ಕ್ಯಾಮೆರಾದಿಂದ ಬಂದ ಸಂಖ್ಯೆಯ ಜೊತೆ ಇದನ್ನು ಹೋಲಿಸಬಹುದು. ಮುಳ್ಳುಹಂದಿಯನ್ನು ನರಿಯ ಜೊತೆ ಹೋಲಿಸಿ ಯಾವುದು ಜಾಸ್ತಿ ಇದೆ ಅನ್ನಲು ಮಾತ್ರ ಆಗುವುದಿಲ್ಲ. ಎರಡೂ ಕ್ಯಾಮೆರಾಗೆ ಸಿಗುವ ಸುಲಭ ಒಂದೇ ಅಲ್ಲ. ಎಷ್ಟು ಜಾಗಗಳಲ್ಲಿ ಕಾಣಿಸಿತು ಅನ್ನುವ ಲೆಕ್ಕ ಸಣ್ಣ ತಂಡಗಳಿಗೆ ಇನ್ನೂ ಭರವಸೆಯದು.

ನಿಜವಾಗಿ ತಲೆ ಎಣಿಸಬೇಕಾದರೆ ಒಂದೊಂದು ಪ್ರಾಣಿಯನ್ನೂ ಬೇರೆ ಬೇರೆಯಾಗಿ ಗುರುತಿಸುವಂತಿರಬೇಕು. ಹುಲಿಯ ಪಟ್ಟೆ, ಚಿರತೆಯ ಚುಕ್ಕೆ ಒಂದರಂತೆ ಇನ್ನೊಂದರದು ಇರುವುದಿಲ್ಲ. 1990ರ ದಶಕದಲ್ಲಿ ಕೆ. ಉಲ್ಲಾಸ ಕಾರಂತರು ನಾಗರಹೊಳೆಯಲ್ಲಿ ಈ ಪಟ್ಟೆಗಳನ್ನೇ ಹಿಡಿದು, ಮೊದಲು ಸಿಕ್ಕ ಹುಲಿಗಳಲ್ಲಿ ಎಷ್ಟು ಮತ್ತೆ ಸಿಕ್ಕವು ಅನ್ನುವುದರಿಂದ ಒಟ್ಟು ಸಂಖ್ಯೆಯನ್ನು ಅಂದಾಜು ಮಾಡುವ ದಾರಿ ತೋರಿಸಿದರು. ಎಡ ಬಲ ಮೈಯ ಗುರುತು ಬೇರೆ ಇರುವುದರಿಂದ ಇದಕ್ಕೆ ಜಾಡಿನ ಎರಡೂ ಬದಿಗೆ ಒಂದೊಂದು ಕ್ಯಾಮೆರಾ ಬೇಕು. ಎದುರುಬದುರು ನೇರ ಇಡಬೇಡಿ, ಒಂದರ ಬೆಳಕು ಇನ್ನೊಂದರ ಚಿತ್ರ ಕೆಡಿಸುತ್ತದೆ. ಸ್ವಲ್ಪ ಹಿಂದೆ ಮುಂದೆ ಇರಲಿ.

ಇನ್ನು, ಕ್ಯಾಮೆರಾದಲ್ಲಿ ಕಾಣಲಿಲ್ಲ ಅಂದ ಮಾತ್ರಕ್ಕೆ ಪ್ರಾಣಿ ಇಲ್ಲ ಅಂತಲ್ಲ. ವರದಿಯಲ್ಲಿ "ಇಲ್ಲ" ಅನ್ನಬೇಡಿ. "ಇಷ್ಟು ರಾತ್ರಿಗಳಲ್ಲಿ ಸಿಗಲಿಲ್ಲ" ಅನ್ನಿ.

ಸಿಕ್ಕಿದ್ದನ್ನು ಬಳಸುವುದು, ಹಂಚುವುದು

ಚಿತ್ರಗಳು ನೆಲದ ಕೆಲಸಕ್ಕೆ ಬರಬೇಕು. ಬೇಲಿಯ ಯಾವ ಕಂಡಿಯಲ್ಲಿ ಮರಿಗಳ ಜೊತೆ ತಾಯಂದಿರು ದಾಟುತ್ತಾರೆ ಅಂತ ಗೊತ್ತಾದರೆ ರಿಪೇರಿ ಹೆಸರಿನಲ್ಲಿ ಅದನ್ನು ಮುಚ್ಚದಂತೆ ನೋಡಿಕೊಳ್ಳಬಹುದು. ಬೀದಿನಾಯಿಗಳ ಗುಂಪು ಯಾವ ಕಡೆಯಿಂದ ನುಗ್ಗುತ್ತಿದೆ ಅಂತ ತೋರಿಸಬಹುದು. ಒಂದು ದಾರಿಯಲ್ಲಿ ಪ್ರಾಣಿಗಳು ಸಂಜೆಯಿಂದಲೇ ಓಡಾಡುತ್ತಿದ್ದರೆ ಆ ದಾರಿಯನ್ನು ಜನರಿಗೆ ಬೇಗ ಮುಚ್ಚಲು ಕೇಳಬಹುದು. ನಕ್ಷೆ, ಜಾತಿಗಳ ಪಟ್ಟಿ, ಸಮಯದ ವಿವರ ಇರುವ ಒಂದೆರಡು ಪುಟದ ವರದಿಯನ್ನು ವರ್ಷಕ್ಕೊಮ್ಮೆ ನೆಲದ ಹೊಣೆಗಾರರಿಗೆ ಕೊಡಿ. ಬೇಟೆಗಾರರ ಚಿತ್ರ ಬಿದ್ದಿದ್ದರೆ ವರ್ಷದ ವರದಿಗೆ ಕಾಯಬೇಡಿ. ನೀವೇ ಅವರನ್ನು ಎದುರಿಸಲು ಹೋಗದೆ ಕೂಡಲೇ ಅಧಿಕಾರಿಗಳಿಗೆ ತಲುಪಿಸಿ.

ಬೇರೆಯವರಿಗೆ ತೋರಿಸುವಾಗ ಜಾಗದ ಗುಟ್ಟು ಕಾಯಿರಿ. ಚಿತ್ರದ ಫೈಲಿನೊಳಗೆ ಜಿಪಿಎಸ್ ವಿವರ ಅಡಗಿರಬಹುದು, ಅದನ್ನು ತೆಗೆದು ಕಳಿಸಿ. ಚಿತ್ರದ ಕೆಳಅಂಚಿನ ಪಟ್ಟಿಯಲ್ಲಿ ಕ್ಯಾಮೆರಾದ ಹೆಸರು ಅಚ್ಚಾಗಿದ್ದರೆ ಕತ್ತರಿಸಿ. ಹಿನ್ನೆಲೆಯಲ್ಲಿ ಗುರುತು ಸಿಗುವ ಬಂಡೆ, ಕಟ್ಟಡ ಇದೆಯಾ ನೋಡಿ. ಐನ್ಯಾಚುರಲಿಸ್ಟ್‌ನಂಥ ತಾಣಗಳು ಅಳಿವಿನಂಚಿನ ಜಾತಿಗಳ ಜಾಗವನ್ನು ತಾವೇ ಮಸುಕು ಮಾಡುತ್ತವೆ. ಆದರೂ ಬೇಟೆಗೆ ಗುರಿಯಾಗುವ ಪ್ರಾಣಿಯ ಚಿತ್ರವನ್ನು ಆ ಋತು ಮುಗಿದು, ಕ್ಯಾಮೆರಾ ಅಲ್ಲಿಂದ ತೆಗೆದ ಮೇಲೆ ಹಾಕುವುದು ಕ್ಷೇಮ.